ಜಡೆ ಹಾಕುವಾಗ, ಬಸ್ಸಿಗೆ ಕಾಯುವಾಗ: ಹೆಣ್ಣುಮಕ್ಕಳ ಜೊತೆ ದಿನ ಕಳೆಯುವ ಬಗೆ

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ ತನಕ ಕೇಳುವ ಮಾತು ಒಂದೇ. ಬೇಗ, ಬೇಗ, ಬೇಗ. ನಾವಿರುವುದು ಉಡುಪಿ ಹತ್ತಿರ, ಕಾಪು ಕಡೆ. ದೊಡ್ಡವಳಿಗೆ ಎಂಟು ವರ್ಷ, ಸಣ್ಣವಳಿಗೆ ಐದು. ಮಕ್ಕಳ ಜೊತೆ ಸಮಯ ಕಳೆಯಬೇಕು ಅಂತ ಎಲ್ಲರೂ ಹೇಳುತ್ತಾರೆ, ಆ ಸಮಯವನ್ನು ಎಲ್ಲಿಂದ ತರುವುದು ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲಿಂದಲೂ ತರುವುದು ಬೇಡ. ಜಡೆ ಹಾಕಲೇಬೇಕು, ಬಸ್ಸಿಗೆ ಕಾಯಲೇಬೇಕು, ಮೀನು ಸಾರು ಆಗಲೇಬೇಕು. ಆ ಕೆಲಸದೊಳಗೆ ಮಕ್ಕಳನ್ನು ಸೇರಿಸಿಕೊಂಡು, ಅದರಲ್ಲಿರುವ ಗಡಿಬಿಡಿ ಒಂದನ್ನು ತೆಗೆದರೆ ಸಾಕು. ಮಾಲ್‌ಗೆ ಕರೆದುಕೊಂಡು ಹೋಗಿ ದುಡ್ಡು ಖರ್ಚು ಮಾಡಿದ ಭಾನುವಾರಕ್ಕಿಂತ, ಜಗಲಿಯಲ್ಲಿ ಕೂತು ಹೇನು ಹೆಕ್ಕಿಸಿಕೊಂಡ ಭಾನುವಾರ ನನ್ನ ಮಗಳು ಜಾಸ್ತಿ ಮಾತಾಡಿದ್ದಾಳೆ. ತಮಾಷೆ ಅಲ್ಲ ಮಾರಾಯ್ರೆ.

ಗಡಿಬಿಡಿ ತೆಗೆಯುವ ಕೆಲಸ ಹಿಂದಿನ ರಾತ್ರಿಯೇ ಆಗಬೇಕು

ಇದು ಸ್ವಲ್ಪ ಬೋರ್ ಹೊಡೆಸುವ ಭಾಗ, ಆದರೆ ಇದಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ. ಯೂನಿಫಾರ್ಮ್, ರಿಬ್ಬನ್, ಐಡಿ ಕಾರ್ಡ್, ನೀರಿನ ಬಾಟಲಿ ಎಲ್ಲವೂ ರಾತ್ರಿಯೇ ಒಂದು ಕುರ್ಚಿಯ ಮೇಲೆ. ಮಳೆಗಾಲದಲ್ಲಿ ಸಾಕ್ಸ್ ಒಣಗುವುದಿಲ್ಲ, ಹಾಗಾಗಿ ಒಬ್ಬೊಬ್ಬರಿಗೆ ನಾಲ್ಕು ಜೊತೆಯಾದರೂ ಬೇಕು. ತಿಂಡಿಗೆ ನೀರುದೋಸೆಯಷ್ಟು ಉಪಕಾರಿ ಬೇರೆ ಇಲ್ಲ. ರಾತ್ರಿ ಅಕ್ಕಿ ನೆನೆಹಾಕಿದರೆ ಆಯ್ತು, ಹುಳಿ ಬರಿಸುವ ಚಿಂತೆ ಇಲ್ಲ, ಬೆಳಿಗ್ಗೆ ಕಡೆದು ನೀರು ಮಾಡಿ ಹೊಯ್ಯುವುದು. ಕಾಯಿ ಬೆಲ್ಲ ಕಲಸುವುದು ಸಣ್ಣವಳ ಕೆಲಸ. ಅದರಲ್ಲಿ ಅರ್ಧ ಬಾಯಿಗೆ ಹೋಗುತ್ತದೆ. ಹೋಗಲಿ ಬಿಡಿ.

ಆಮೇಲೆ ಮಕ್ಕಳನ್ನು ಬೇಕಾದ್ದಕ್ಕಿಂತ ಹದಿನೈದು ನಿಮಿಷ ಮೊದಲು ಎಬ್ಬಿಸಿ. ಆ ಹದಿನೈದು ನಿಮಿಷಕ್ಕೆ ಯಾವ ಕೆಲಸವನ್ನೂ ತುರುಕಬೇಡಿ, ಮಗ್ಗಿ ಕೇಳುವುದಂತೂ ಬೇಡವೇ ಬೇಡ. ಅದು ಹಾಸಿಗೆಯಲ್ಲಿ ಹೊರಳಾಡಲಿಕ್ಕೆ, ನಿಮ್ಮ ಮಡಿಲಲ್ಲಿ ಕಣ್ಣು ಮುಚ್ಚಿಕೊಂಡು ಕೂರಲಿಕ್ಕೆ, ರಾತ್ರಿ ಬಿದ್ದ ಕನಸನ್ನು ಹಿಂದೆಮುಂದೆ ಮಾಡಿ ಹೇಳಲಿಕ್ಕೆ.

ಜಡೆ, ಎಣ್ಣೆ, ಹೇನು

ನನಗೆ ಕೇಳಿದರೆ ಹೆಣ್ಣುಮಕ್ಕಳ ಅಮ್ಮನಿಗೆ ದಿನದಲ್ಲಿ ಸಿಗುವ ಅತಿ ಒಳ್ಳೆಯ ಹೊತ್ತು ಇದೇ. ಯಾಕೆ ಅಂದರೆ ಮಗು ನಿಮಗೆ ಬೆನ್ನು ಹಾಕಿ ಕೂತಿರುತ್ತದೆ. ಮುಖ ನೋಡಿಕೊಂಡು "ಶಾಲೆಯಲ್ಲಿ ಎಂತ ಆಯ್ತು?" ಅಂತ ಕೇಳಿದರೆ ಸಿಗುವ ಉತ್ತರ "ಎಂತ ಇಲ್ಲ". ಅದೇ ತಲೆ ಬಾಚುತ್ತಾ ಇದ್ದರೆ, ನಿಮ್ಮ ಕಣ್ಣು ಕೂದಲ ಮೇಲೆ, ಅವಳ ಕಣ್ಣು ಅಂಗಳದ ಕಾಗೆಯ ಮೇಲೆ, ಆಗ ನೀವು ಕೇಳದೆಯೇ ಎಲ್ಲ ಹೊರಗೆ ಬರುತ್ತದೆ: ಯಾರು ಯಾರ ಜೊತೆ ಟೂ ಬಿಟ್ಟಿದ್ದಾರೆ, ಟೀಚರ್ ಯಾಕೆ ಗದರಿದರು, ಆಟದಲ್ಲಿ ಇವಳನ್ನು ಯಾಕೆ ಸೇರಿಸಲಿಲ್ಲ. ಆಗ ನೀವು ಮಾಡಬೇಕಾದ್ದು ಇಷ್ಟೇ. ಕೈ ನಿಲ್ಲಿಸಬೇಡಿ. "ಹೌದಾ?" "ಆಮೇಲೆ?" ಅಷ್ಟು ಸಾಕು. ಬುದ್ಧಿವಾದ ಶುರು ಮಾಡಿದಿರೋ, ಕತೆ ಅಲ್ಲಿಗೇ ನಿಂತಿತು.

ಬಾಚುವಾಗ ಕೂದಲ ತುದಿಯಿಂದ ಮೇಲಕ್ಕೆ ಬನ್ನಿ, ಬುಡದಿಂದ ಎಳೆಯಬೇಡಿ. ಒಂದು ಕೈಯಲ್ಲಿ ಕೂದಲನ್ನು ಗಂಟಿನ ಮೇಲ್ಗಡೆ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಗಂಟನ್ನು ಬಿಡಿಸಿದರೆ ಬುಡಕ್ಕೆ ನೋವು ತಾಗುವುದಿಲ್ಲ. ನೋವಾದರೆ ಅಳು, ಅತ್ತರೆ ಮಾತಿಲ್ಲ. ರಾತ್ರಿಯೇ ತೆಂಗಿನೆಣ್ಣೆ ಹಚ್ಚಿ ಸಡಿಲ ಜಡೆ ಹಾಕಿ ಮಲಗಿಸಿದರೆ ಬೆಳಿಗ್ಗೆ ಅರ್ಧ ಕೆಲಸ ಕಡಿಮೆ.

ಇನ್ನು ಹೇನು. ಶಾಲೆಗೆ ಹೋಗುವ ಹುಡುಗಿಯರ ತಲೆಗೆ ಅದು ಬಂದೇ ಬರುತ್ತದೆ, ಅದರಲ್ಲಿ ನಾಚಿಕೆ ಎಂತದ್ದು? ಒದ್ದೆ ಕೂದಲಿಗೆ ಎಣ್ಣೆಯೋ ಕಂಡೀಶನರೋ ಹಚ್ಚಿ, ಹೇನಿನ ಹಣಿಗೆಯಲ್ಲಿ ಸಣ್ಣ ಸಣ್ಣ ಭಾಗ ಮಾಡಿ ಬುಡದಿಂದ ತುದಿಯ ತನಕ ಎಳೆದು, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆದು ಮರಿ ಬರಲು ಏಳರಿಂದ ಹತ್ತು ದಿನ ಬೇಕು, ಹಾಗಾಗಿ ಒಂದು ದಿನ ಬಾಚಿ ಬಿಟ್ಟರೆ ಪ್ರಯೋಜನ ಇಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಾಚಬೇಕು. ಅಂದರೆ ಎರಡು ವಾರದಲ್ಲಿ ನಾಲ್ಕೈದು ಸಲ, ಒಬ್ಬೊಬ್ಬಳಿಗೆ ಅರ್ಧ ಗಂಟೆ, ಅಮ್ಮ ಅವಳೊಬ್ಬಳಿಗೇ. ಸಣ್ಣವಳು ಬಟ್ಟೆಯ ಮೇಲೆ ಬಿದ್ದದ್ದನ್ನು ಎಣಿಸಿ ಅಕ್ಕನಿಗೆ ವರದಿ ಕೊಡುತ್ತಾಳೆ, ನಂಬರ್ ಯಾವಾಗಲೂ ಅಕ್ಕನದ್ದೇ ಜಾಸ್ತಿ ಮಾಡಿ.

ಕಾಪುವಿಗೆ ಹತ್ತಿರದ ಶಂಕರಪುರ ಅಂದರೆ ಮಲ್ಲಿಗೆ. ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆಯೇ ಮೊಗ್ಗು ಕೊಯ್ದು ಕಟ್ಟಲು ಕೂರುತ್ತಾರೆ. ಇಲ್ಲಿ ಹೂವನ್ನು ನೂಲಿನಲ್ಲಿ ಅಲ್ಲ, ಬಾಳೆ ನಾರಿನಲ್ಲಿ ಕಟ್ಟುವುದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನ ದಿನ ಬೇರೆ, ಮದುವೆ ಸೀಸನ್‌ನಲ್ಲಂತೂ ಕೇಳುವುದೇ ಬೇಡ. ಮಕ್ಕಳಿಗೆ ಕಲಿಸಲು ಮಲ್ಲಿಗೆಯೇ ಆಗಬೇಕು ಅಂತಿಲ್ಲ. ಅಂಗಳದ ಅಬ್ಬಲಿಗೆ, ಬೇಲಿಯ ಕೇಪುಳ ಆದೀತು. ನಾರನ್ನು ನೀರಲ್ಲಿ ಅದ್ದಿಡಿ, ಒಣಗಿದ್ದು ತುಂಡಾಗುತ್ತದೆ. ಐದು ವರ್ಷದವಳಿಗೆ ಗಂಟು ಹಾಕಲು ಬರುವುದಿಲ್ಲ, ಅವಳಿಗೆ ಎರಡೆರಡು ಹೂವು ತೊಟ್ಟು ಸೇರಿಸಿ ಅಕ್ಕನ ಕೈಗೆ ಕೊಡುವ ಕೆಲಸ ಕೊಡಿ. ಎಂಟರವಳಿಗೆ ಗಂಟು ಬರುತ್ತದೆ, ಸೊಟ್ಟ ಬರುತ್ತದೆ. ಆ ಸೊಟ್ಟ ಮಾಲೆಯನ್ನೇ ಮುಡಿದುಕೊಂಡು ನೀವು ಪೇಟೆಗೆ ಹೋಗಬೇಕು. ಅದು ಮುಖ್ಯ.

ಕೇಳುವ ಪ್ರಶ್ನೆ ಬದಲಾಯಿಸಿ

ಸಂಜೆ ಬಂದ ಕೂಡಲೇ "ಹೋಂವರ್ಕ್ ಎಷ್ಟು ಉಂಟು?" ಅಂತ ಕೇಳಬೇಡಿ. ಮೊದಲು ತಿನ್ನಲು ಕೊಡಿ. ಆಮೇಲೆ "ಇವತ್ತು ಯಾರ ಡಬ್ಬಿಯಲ್ಲಿ ಎಂತ ಇತ್ತು?" ಅಂತ ಕೇಳಿ ನೋಡಿ. ಒಬ್ಬಳ ಡಬ್ಬಿಯ ಬನ್ಸ್‌ನಿಂದ ಶುರುವಾದದ್ದು ಯಾರ ಪಕ್ಕ ಯಾರು ಕೂತರು, ಯಾರು ಅತ್ತರು, ಯಾರ ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಅನ್ನುವಲ್ಲಿಗೆ ತಾನಾಗಿ ಹೋಗುತ್ತದೆ. "ಯಾರು ಇವತ್ತು ಬರಲಿಲ್ಲ?" ಅನ್ನುವುದೂ ಒಳ್ಳೆಯ ಪ್ರಶ್ನೆ.

ಬಸ್ ಸ್ಟಾಪು ಮತ್ತು ಕಿಟಕಿ ಸೀಟು

ನಮ್ಮೂರಿನ ಪ್ರೈವೇಟ್ ಬಸ್ಸುಗಳಿಗೆ ಒಂದೊಂದಕ್ಕೂ ಹೆಸರು ಉಂಟು, ಬಣ್ಣ ಉಂಟು. ಓದಲು ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕ ಇಲ್ಲ. ದೂರದಿಂದ ಬರುವ ಬಸ್ಸಿನ ಹೆಸರನ್ನು ಮೊದಲು ಯಾರು ಓದುತ್ತಾರೆ ಅಂತ ಆಟ ಇಡಿ. ಸಣ್ಣವಳಿಗೆ ಅಕ್ಷರ ಗೊತ್ತಿಲ್ಲದಿದ್ದರೂ ಬಣ್ಣ ನೋಡಿ ಹೇಳಿಬಿಡುತ್ತಾಳೆ, ದೊಡ್ಡವಳು ಅದು ಮೋಸ ಅನ್ನುತ್ತಾಳೆ. ಬಸ್ಸಿಗೆ ಐದು ನಿಮಿಷ ಮೊದಲೇ ಸ್ಟಾಪಿನಲ್ಲಿರಿ, ಫೋನ್ ಬ್ಯಾಗಿನಲ್ಲಿರಲಿ.

ಕಿಟಕಿ ಸೀಟಿಗೆ ಜಗಳ ಆಗಿಯೇ ಆಗುತ್ತದೆ. ನಮ್ಮಲ್ಲಿ ಬೆಸ ತಾರೀಕು ಅಕ್ಕನಿಗೆ, ಸಮ ತಾರೀಕು ತಂಗಿಗೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು, 31ನೇ ತಾರೀಕಿನ ಮರುದಿನ 1ನೇ ತಾರೀಕು ಬರುತ್ತದೆ, ಎರಡೂ ಬೆಸ ಅಂತ ಸಣ್ಣವಳಿಗೆ ಗೊತ್ತಾಗುವ ತನಕ. ಈಗ 31 ಬಂದರೆ ಕಿಟಕಿ ಅಮ್ಮನಿಗೆ. ಈ ಒಪ್ಪಂದದಿಂದ ನನಗೇ ಲಾಭ.

ಇನ್ನಂಜೆ ಕಡೆ ಕೊಂಕಣ ರೈಲು ಹೋಗುತ್ತದೆ. ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೊಲಾಡ್‌ಗೆ ಲಾರಿಗಳನ್ನೇ ಹೊತ್ತುಕೊಂಡು ಹೋಗುವ ರೋ-ರೋ ಗಾಡಿ ಓಡುತ್ತಾ ಉಂಟು. ದಾರಿಯಲ್ಲಿ ಅದು ಸಿಕ್ಕಿದರೆ ದಯವಿಟ್ಟು ನಿಲ್ಲಿ, ಎಷ್ಟೇ ಕೆಲಸ ಇರಲಿ. ರೈಲಿನ ಮೇಲೆ ಲಾರಿ, ಲಾರಿಯೊಳಗೆ ಡ್ರೈವರ್ ಆರಾಮವಾಗಿ ಕೂತಿರುತ್ತಾನೆ, ಮಕ್ಕಳು ಕೈ ಬೀಸಿದರೆ ಅವನೂ ಬೀಸುತ್ತಾನೆ. ಎಷ್ಟು ಲಾರಿ ಅಂತ ಎಣಿಸಲು ಹೇಳಿ. ಇಬ್ಬರ ಲೆಕ್ಕ ಯಾವತ್ತೂ ಒಂದೇ ಬರುವುದಿಲ್ಲ.

ಮಳೆ ರಜೆ

ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಮಕ್ಕಳಿಗೆ ಹಬ್ಬ, ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ತಲೆಬಿಸಿ. ರಜೆ ಹಾಕಲು ಆಗದವರು ಅಕ್ಕಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ: ಈ ಸಲ ನಿಮ್ಮ ಮನೆ, ಮುಂದಿನ ಸಲ ನಮ್ಮ ಮನೆ. ನೀವು ಮನೆಯಲ್ಲೇ ಇದ್ದರೆ ಆ ದಿನಕ್ಕೆ ಪ್ಲಾನ್ ಮಾಡಬೇಡಿ. ಕಾಗದದ ದೋಣಿ, ಹಲಸಿನ ಹಪ್ಪಳ, ಹುರಿದ ಹಲಸಿನ ಬೀಜ, ಇಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ. ಮಳೆಯಲ್ಲಿ ನೆನೆಯಲು ಬಿಡಿ, ಆದರೆ ಸ್ವಂತ ಅಂಗಳದಲ್ಲಿ, ಗುಡುಗು ಸಿಡಿಲು ಇಲ್ಲದಾಗ. ಚರಂಡಿ ಉಕ್ಕಿ ಬಂದ ನೀರಿಗೆ, ಗದ್ದೆಯ ಕೆಸರಿಗೆ ಕಾಲಲ್ಲಿ ಗಾಯ ಇಟ್ಟುಕೊಂಡು ಇಳಿಯುವುದು ಬೇಡ, ನಮ್ಮ ಜಿಲ್ಲೆಗಳಲ್ಲಿ ಇಲಿಜ್ವರ ಇರುವುದೇ. ಒಳಗೆ ಬಂದ ಮೇಲೆ ಸೋಪು ಹಾಕಿ ಕಾಲು ತೊಳೆಸಿ, ತಲೆ ಒರೆಸಿ, ಬಿಸಿ ಏನಾದರೂ ಕುಡಿಸಿ.

ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಕೆಳಗಿಳಿಸಿ. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕು ಬೀಜ, ಹಂಚುತ್ತಾ ಹೋಗುವುದು. ಇಲ್ಲಿ ಇದು ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಆಟ, ಗದ್ದೆ ಕೆಲಸ ಇಲ್ಲದೆ ಮಳೆಗೆ ಮನೆಯೊಳಗೆ ಕೂರುವ ದಿನಗಳಿಗೆ ಹೇಳಿ ಮಾಡಿಸಿದ್ದು. ಬೀಜಕ್ಕೆ ಪೂರ್ತಿ ಕೆಂಪಿನ ಮಂಜೊಟ್ಟಿ ಆಗಬಹುದು. ಕೆಂಪಿನಲ್ಲಿ ಕಪ್ಪು ಚುಕ್ಕೆಯ ಗುಲಗಂಜಿ ಬೇಡ, ಜಗಿದರೆ ವಿಷ. ಸಣ್ಣ ಮಕ್ಕಳಿದ್ದರೆ ಹುಣಸೆ ಬೀಜವೇ ವಾಸಿ, ಅದೂ ಬಾಯಿಗೆ ಹೋಗದ ಹಾಗೆ ನಿಮ್ಮ ಕಣ್ಣಿರಲಿ.

ಒಂದು ವಿಷಯ ಉಂಟು. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಅನ್ನುತ್ತಾರೆ ನಮ್ಮ ಕಡೆ. ತುಳುವಿನ ಹಾಡುಗತೆ ಸಿರಿ ಪಾಡ್ದನದಲ್ಲಿ ಸೊನ್ನೆ ಅನ್ನುವವಳ ಅವಳಿ ಹೆಣ್ಣುಮಕ್ಕಳು ಅಬ್ಬಗ ದಾರಗ ಚೆನ್ನೆ ಆಡುತ್ತಾ ಜಗಳವಾಗಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಲ್ಲೇ ಹೊಡೆದು ಸಾಯಿಸುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ನನ್ನ ಅತ್ತೆ ಇದನ್ನು ಬಲವಾಗಿ ನಂಬುತ್ತಾರೆ. ನಾನು ನಂಬುತ್ತೇನೋ ಇಲ್ಲವೋ, ನಿಯಮವನ್ನು ಮಾತ್ರ ಖುಷಿಯಿಂದ ಪಾಲಿಸುತ್ತೇನೆ. ಯಾಕೆಂದರೆ ಆಗ ಇಬ್ಬರೂ ಬೇರೆ ಬೇರೆಯಾಗಿ ಅಮ್ಮನ ಜೊತೆಯೇ ಆಡಬೇಕು. ಇಬ್ಬರೂ ಒಟ್ಟಿಗೆ ಇದ್ದಾಗ ಇರುವ ಹುಡುಗಿಯೇ ಬೇರೆ, ಒಬ್ಬಳೇ ಸಿಕ್ಕಿದಾಗ ಇರುವವಳೇ ಬೇರೆ. ನಿಮ್ಮಲ್ಲಿ ಚೆನ್ನೆಮಣೆ ಇಲ್ಲದಿದ್ದರೂ ಇಷ್ಟನ್ನು ಮಾಡಿ: ವಾರಕ್ಕೆ ಒಮ್ಮೆಯಾದರೂ ಒಬ್ಬಳನ್ನೇ ಕರೆದುಕೊಂಡು ಅಂಗಡಿಗೋ, ಗಿರಣಿಗೋ, ಬಾವಿಕಟ್ಟೆಗೋ ಹೋಗಿ. ಇನ್ನೊಬ್ಬಳು ಅಜ್ಜಿಯ ಜೊತೆ ಇರಲಿ. ಸರದಿ ತಪ್ಪಿಸಬೇಡಿ.

ಅಡುಗೆಮನೆಯಲ್ಲಿ ಅವರಿಗೂ ಒಂದು ಕೆಲಸ

ಆಟಿ ಅಮಾವಾಸ್ಯೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಕೆತ್ತೆಯ (ಪಾಲೆ ಮರದ ತೊಗಟೆಯ) ಕಹಿ ಕಷಾಯ ಕುಡಿಯುವಾಗ ಇಬ್ಬರ ಮುಖವನ್ನು ನೋಡಬೇಕು. ಕೈಯಲ್ಲಿ ಬೆಲ್ಲ ಹಿಡಿದುಕೊಂಡೇ ಕುಡಿಯುತ್ತಾರೆ, ಆಮೇಲೆ ಮೆಂತೆ ಗಂಜಿ. ಮರದ ಗುರುತು ಸರಿಯಾಗಿ ಗೊತ್ತಿರುವವರು ತಂದ ಕೆತ್ತೆಯೇ ಆಗಬೇಕು, ಮಕ್ಕಳಿಗೆ ಒಂದೆರಡು ಚಮಚ ಸಾಕು.

ಆದರೆ ಮಕ್ಕಳ ಜೊತೆ ಮಾಡಲು ಹೇಳಿ ಮಾಡಿಸಿದ್ದು ಕೆಸುವಿನ ಎಲೆಯ ಪತ್ರೊಡೆ. ಅಕ್ಕಿ ನೆನೆಸಿ, ಕಾಯಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಹುಣಸೆಹುಳಿ, ಬೆಲ್ಲ, ಉಪ್ಪು ಹಾಕಿ ದಪ್ಪಕ್ಕೆ ರುಬ್ಬಿ. ಮಕ್ಕಳಿಗಾಗಿ ಮೆಣಸು ಕಡಿಮೆ ಮಾಡಿ, ಹುಳಿ ಮಾತ್ರ ಕಡಿಮೆ ಮಾಡಬೇಡಿ, ಕೆಸುವಿನ ತುರಿಕೆ ಹೋಗುವುದು ಅದರಿಂದಲೇ. ಎಲೆಯ ಹಿಂಬದಿಯ ದಪ್ಪ ನಾರನ್ನು ಚೂರಿಯಲ್ಲಿ ಹೆರೆಯುವುದು ನಿಮ್ಮ ಕೆಲಸ. ಹಿಟ್ಟು ಹಚ್ಚುವುದು ಅವರದ್ದು. ಮೊದಲು ಅವರ ಅಂಗೈಗೆ, ಬೆರಳ ಸಂದಿಗೆ ತೆಂಗಿನೆಣ್ಣೆ ಸರಿಯಾಗಿ ಸವರಿ. ದೊಡ್ಡ ಎಲೆಯನ್ನು ಬೆನ್ನು ಮೇಲೆ ಮಾಡಿ ಹಾಸಿ, ತೆಳ್ಳಗೆ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ತುದಿ ಆ ಕಡೆಗೆ, ಮತ್ತೆ ಹಿಟ್ಟು. ನಾಲ್ಕೈದು ಎಲೆ ಆದ ಮೇಲೆ ಎರಡು ಬದಿ ಒಳಗೆ ಮಡಚಿ ಬಿಗಿಯಾಗಿ ಸುರುಳಿ ಸುತ್ತಿ. ಸಣ್ಣವಳು ಒಂದೇ ಜಾಗಕ್ಕೆ ಮುದ್ದೆ ಹಿಟ್ಟು ಇಟ್ಟು ಅದನ್ನೇ ತಟ್ಟುತ್ತಾ ಕೂರುತ್ತಾಳೆ, ಮೂಗಿಗೂ ಒಂದಿಷ್ಟು ತಾಗಿಸಿಕೊಳ್ಳುತ್ತಾಳೆ. ಅವಳ ಸುರುಳಿಯನ್ನು ಬೇರೆಯೇ ಇಟ್ಟು ಗುರುತಿಗೆ ಒಂದು ಕಡ್ಡಿ ಚುಚ್ಚಿ, ಇಲ್ಲದಿದ್ದರೆ ಬೆಂದ ಮೇಲೆ ಯಾರದ್ದು ಯಾವುದು ಅಂತ ಕೋರ್ಟ್ ಕೇಸ್. ಮುಕ್ಕಾಲು ಗಂಟೆ ಉಗಿಯಲ್ಲಿ ಬೇಯಲಿ. ತಣಿದ ಮೇಲೆ ಕೊಯ್ದರೆ ಒಳಗೆ ಹಸಿರು ಬಿಳಿ ಸುತ್ತು ಸುತ್ತು ಕಾಣುತ್ತದೆ. ಉಳಿದದ್ದನ್ನು ಮರುದಿನ ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಕಾಯಿಸಿ.

ಮೀನು ತಿನ್ನುವ ಮನೆಯಾದರೆ ಗಾಡಿಯ ಹಾರ್ನ್ ಕೇಳಿದ ಕೂಡಲೇ ಮಕ್ಕಳನ್ನೂ ಗೇಟಿಗೆ ಕಳಿಸಿ. ಕಣ್ಣು ಹೊಳೆಯುತ್ತಾ ಉಂಟಾ, ಕಿವಿರು ಕೆಂಪಾ, ಬೆರಳಲ್ಲಿ ಒತ್ತಿದರೆ ಮಾಂಸ ವಾಪಸ್ ಬರುತ್ತದಾ ಅಂತ ಅವರೇ ನೋಡಲಿ. ಬೂತಾಯಿಯ ಮುಳ್ಳು ತೆಗೆದು ತುತ್ತು ಮಾಡಿ ಕೊಡುವುದು ರಗಳೆಯ ಕೆಲಸ, ನಿಮ್ಮ ಊಟ ತಣ್ಣಗಾಗುತ್ತದೆ, ನಿಜ. ಆದರೆ ಮುಳ್ಳು ತೆಗೆಯಲು ಕಲಿತ ದಿನ ಅವಳಿಗೆ ನಿಮ್ಮ ಕೈ ತುತ್ತು ಬೇಡವಾಗುತ್ತದೆ. ಅವಸರ ಮಾಡಬೇಡಿ.

ಕಡಲಿಗೆ ಹೋಗುವುದಾದರೆ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಕಡಲನ್ನು ದೂರದಿಂದ ನೋಡಿ ಬನ್ನಿ ಸಾಕು. ಮಳೆ ನಿಂತ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಹೋಗಿ. ಮಲ್ಪೆ, ಪಣಂಬೂರು, ತಣ್ಣೀರುಬಾವಿ, ನಿಮಗೆ ಹತ್ತಿರದ್ದು ಯಾವುದೋ ಅದು. ಮಂಗಳೂರಿನವರು ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದರೆ ಮಕ್ಕಳಿಗೆ ಕಡಲಿಗಿಂತ ಅದೇ ಹೆಚ್ಚು ಖುಷಿ. ನಮಗೆ ಕಾಪು ಹತ್ತಿರ, 1901ರ ದೀಪಸ್ತಂಭದ ಬುಡದ ಬಂಡೆಯಲ್ಲಿ ಕೂರುತ್ತೇವೆ.

ಆಟಿಕೆ ಒಯ್ಯಬೇಡಿ. ಒಂದು ಜೊತೆ ಬಟ್ಟೆ, ಹಳೆ ಟವೆಲ್, ಕಾಲು ತೊಳೆಯಲು ಒಂದು ಬಾಟಲಿ ನೀರು ಸಾಕು. ನೀರು ಇಳಿದ ಒದ್ದೆ ಮರಳಿನಲ್ಲಿ ಕೂತು ಸುಮ್ನೆ ನೋಡಿ. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಸಾಲುಸಾಲಾಗಿ ಬಿದ್ದಿರುತ್ತವೆ. ಸಣ್ಣ ಏಡಿ ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಆಹಾರ ತಿಂದು, ಉಳಿದದ್ದನ್ನು ಉಂಡೆ ಮಾಡಿ ಬಿಸಾಡುವುದು. ಅಲುಗಾಡದೆ ಕೂತರೆ ಎರಡು ಮೂರು ನಿಮಿಷದಲ್ಲಿ ಏಡಿ ಹೊರಗೆ ಬರುತ್ತದೆ. ಐದು ವರ್ಷದ ಮಗುವನ್ನು ಮೂರು ನಿಮಿಷ ಅಲುಗದೆ ಕೂರಿಸಲು ಬೇರೆ ಯಾವ ಉಪಾಯವೂ ನನಗೆ ಸಿಕ್ಕಿಲ್ಲ. ನೀರಿಗೆ ಇಳಿದರೆ ಮೊಣಕಾಲಿನ ತನಕ ಮಾತ್ರ, ಕೈ ಹಿಡಿದುಕೊಂಡು. ಆಮೇಲೆ ಚರ್ಮುರಿ. ಇಬ್ಬರಿಗೆ ಒಂದು ಅಂದರೆ ಜಗಳ, ಎರಡು ತೆಗೊಳ್ಳಿ.

ಅಪ್ಪ ಗಲ್ಫ್‌ನಲ್ಲಿದ್ದರೆ

ಇಲ್ಲಿ ಎಷ್ಟೋ ಮನೆಯ ಕತೆ ಇದು, ನಮ್ಮದೂ ಹೌದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅವರು ಕೆಲಸ ಮುಗಿಸಿ ರೂಮಿಗೆ ಬರುವಾಗ ಇಲ್ಲಿ ಮಕ್ಕಳಿಗೆ ನಿದ್ದೆ. ಕಣ್ಣು ಎಳೆಯುವ ಮಗುವನ್ನು ಫೋನಿನ ಮುಂದೆ ಕೂರಿಸಿ "ಅಪ್ಪನ ಹತ್ತಿರ ಮಾತಾಡು" ಅಂದರೆ ಯಾವ ಮಾತೂ ಬರುವುದಿಲ್ಲ. ಅದರ ಬದಲು ರಜಾದಿನ ಹೂ ಕಟ್ಟುವಾಗ, ಪತ್ರೊಡೆ ಸುತ್ತುವಾಗ ವೀಡಿಯೊ ಕಾಲ್ ಹಾಕಿ ಫೋನನ್ನು ಡಬ್ಬಿಗೆ ಒರಗಿಸಿಡಿ. ಅಪ್ಪ ಅಲ್ಲಿ ಬಟ್ಟೆ ಮಡಚುತ್ತಾ ಇರಲಿ, ಇಲ್ಲಿ ಇವರ ಕೆಲಸ ನಡೆಯಲಿ. ಮಧ್ಯೆ ಮಧ್ಯೆ ಬರುವ ಮಾತೇ ಮಾತು.

ಕೆಲವು ದಿನ ಯಾವುದೂ ಆಗುವುದಿಲ್ಲ. ಸೊಂಟ ನೋವು, ಆಫೀಸಿನ ಕಿರಿಕಿರಿ, ಕರೆಂಟ್ ಇಲ್ಲ. ಆ ದಿನ ಟಿವಿಯೋ ಅಜ್ಜಿಯ ಕತೆಯೋ, ಏನಿದೆಯೋ ಅದು. ನೀವು ಕಾಲು ಚಾಚಿ ಚಾ ಕುಡಿಯಿರಿ. ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವಷ್ಟು ದೊಡ್ಡ ವಿಷಯ ಇದಲ್ಲ.

ಬರೆದಿಡುವುದು

ಫೋಟೋ ಕಡಿಮೆ ತೆಗೆಯಿರಿ, ಸ್ವರ ಜಾಸ್ತಿ ಹಿಡಿಯಿರಿ. ಫೋನ್ ರೆಕಾರ್ಡರ್ ಒತ್ತಿ ಪಕ್ಕದಲ್ಲಿ ಮಗುಚಿಟ್ಟರೆ ಮಕ್ಕಳಿಗೆ ಅದರ ನೆನಪೂ ಇರುವುದಿಲ್ಲ. ಸಣ್ಣವಳು "ರ" ಹೇಳಲು ಬರದೆ "ಲ" ಅನ್ನುವುದು ಯಾವ ದಿನ ನಿಂತಿತು ಅಂತ ಯಾವ ಅಮ್ಮನಿಗೂ ಹೇಳಲು ಆಗುವುದಿಲ್ಲ. ಯೂನಿಫಾರ್ಮಿನಲ್ಲಿರುವ, ಶಾಲೆಯ ಹೆಸರು ಕಾಣುವ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ. ಅದು ನಿಮ್ಮ ಮನೆಯವರಿಗೆ ಸಾಕು.

ಡೈರಿ ಬರೆಯುತ್ತೇನೆ ಅಂತ ಹೊರಟವರು ಹೆಚ್ಚು ದಿನ ಬರೆದದ್ದನ್ನು ನಾನು ನೋಡಿಲ್ಲ. ಗೋಡೆಯ ಕ್ಯಾಲೆಂಡರ್ ಸಾಕು, ಹೇಗೂ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವುದು ಅದರಲ್ಲೇ ಅಲ್ವಾ. ಅದೇ ಚೌಕದಲ್ಲಿ ಅವರು ಹೇಳಿದ ಒಂದು ಮಾತು, ಅವರದ್ದೇ ಶಬ್ದದಲ್ಲಿ, ಯಾರು ಹೇಳಿದ್ದು ಅಂತ ಮೊದಲ ಅಕ್ಷರ ಹಾಕಿ. "ಅಮ್ಮ, ಮಳೆಗೆ ರಜೆ ಯಾರು ಕೊಡುವುದು?" ಇಷ್ಟು ಬರೆಯಲು ಜಾಗ ಇರುತ್ತದೆ. ಜೆಲ್ ಪೆನ್ ಬೇಡ, ಥಂಡಿಗೆ ಹರಡುತ್ತದೆ, ಬಾಲ್ ಪೆನ್ ಆಗಲಿ. ವರ್ಷ ಮುಗಿದ ಮೇಲೆ ಹಳೆ ಕ್ಯಾಲೆಂಡರನ್ನು ಪುಸ್ತಕಕ್ಕೆ ಬೈಂಡ್ ಹಾಕಲು ಕೊಡಬೇಡಿ. ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ, ಗೋಡೆಗೆ ತಾಗದ ಹಾಗೆ ಕಪಾಟಿನ ಮೇಲಿನ ಅರೆಯಲ್ಲಿಡಿ. ನಮ್ಮ ಕಡೆಯ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿಯಲು ಒಂದು ವಾರ ಸಾಕು.